ಅಧ್ಯಕ್ಷರ ಹೆಸರಿನ ಮೇಲೆ ಹಾಯ್ದ ಬಂಡಿ

ನಮ್ಮ ಕಚೇರಿಗೆ ಮೊದಲ ಕಂಪ್ಯೂಟರು ಬಂದದ್ದು ಎಂಬತ್ತರ ದಶಕ ಮುಗಿಯುತ್ತ ಬಂದಾಗ. ಆ ವಿಷಯ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಹುಮನಾಬಾದಿನಲ್ಲಿ ಕಬ್ಬು ಬೆಳೆಗಾರರದೊಂದು ಸಂಘ. ಅಲ್ಲಿ ನಾನು ಟೈಪಿಸ್ಟ್, ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಹಂಗಾಮಿ ಕೆಲಸ, ಯಾವಾಗ ಬೇಕಾದರೂ ಮನೆಗೆ ಕಳಿಸಬಹುದು. “ಉದ್ಘಾಟನೆ ದಿನ ಪರದೆ ಮ್ಯಾಲ ಏನರ ಚಂದ ತೋರ್ಸು. ಆ ಕಂಪ್ಯೂಟರ್ ಮುಂದಿನ ಕುರ್ಚಿನೂ ನಿಂದೇ, ನೌಕರಿನೂ ಕಾಯಂ” ಎಂದು ಮ್ಯಾನೇಜರ್ ಸಾಹೇಬರು ಎಲ್ಲರೆದುರು ಮಾತು ಕೊಟ್ಟರು. ನಾನು ನಂಬಿದೆ.

ಆ ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರ ಬಿಟ್ಟರೆ ಬೇರೇನೂ ಮೂಡುತ್ತಿರಲಿಲ್ಲ. ಚಿತ್ರ ಬೇಕೆಂದರೆ ಅಕ್ಷರಗಳನ್ನೇ ಜೋಡಿಸಬೇಕು: ಅಡ್ಡಗೀಟು, ಓರೆಗೀಟು, ಚುಕ್ಕಿ, ನಕ್ಷತ್ರ. ಕಂಪ್ಯೂಟರು ತಂದಿಟ್ಟ ಕಂಪನಿಯವನು ಕಲಿಸಿ ಹೋದ ಅಷ್ಟಿಷ್ಟರಲ್ಲೇ ನಾನು ಸಕ್ಕರೆ ಕಾರ್ಖಾನೆಯ ಚಿಮಣಿ, ಕಬ್ಬಿನ ಹೊಲ, ಎತ್ತಿನ ಬಂಡಿ, ಒಂದೊಂದನ್ನೂ ಬೇರೆ ಬೇರೆ ಮಾಡಿಟ್ಟುಕೊಂಡೆ. ಆಮೇಲೆ ಅವನ್ನು ಒಂದರ ಮೇಲೊಂದು ಹಾಕಬೇಕು, ಕೌದಿಗೆ ತುಂಡು ಬಟ್ಟೆ ಹಚ್ಚಿದ ಹಾಗೆ. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಆಮೇಲೆ ಬಂದದ್ದು ಮೊದಲಿನದನ್ನು ಮುಚ್ಚುತ್ತದೆ, ಅಷ್ಟೇ ಅದರ ನೇಮ.

ಹೇಳುವಷ್ಟು ಸುಲಭವೇನಿರಲಿಲ್ಲ. ಬಂಡಿಯನ್ನು ಹೊಲದ ಮೇಲಿಟ್ಟರೆ ಬಂಡಿಯ ಸುತ್ತಲಿನ ಕಬ್ಬೇ ಮಾಯ. ಆ ಯಂತ್ರಕ್ಕೆ ಖಾಲಿ ಜಾಗವೂ ಒಂದು ಅಕ್ಷರವೇ. ಗಾಲಿಯ ಅರಗಳ ನಡುವಿನ ಖಾಲಿ ಹಿಂದಿನ ಕಬ್ಬನ್ನೆಲ್ಲ ಒರೆಸಿಹಾಕುತ್ತಿತ್ತು. ಖಾಲಿ ಇದ್ದಲ್ಲಿ ಹಿಂದಿನದನ್ನು ಮುಟ್ಟಬೇಡ ಎಂದು ಅದಕ್ಕೆ ತಿಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಗಾಲಿಯ ಸಂದಿಯಲ್ಲಿ ಕಬ್ಬು ಕಂಡ ದಿನ ಒಬ್ಬಳೇ ಕೂತು ನಕ್ಕಿದ್ದೆ. ಕಟ್ಟಕಡೆಗೆ, ಎಲ್ಲದರ ಮೇಲೆ, ಸಂಘದ ಅಧ್ಯಕ್ಷರ ಹೆಸರನ್ನು ದಪ್ಪ ನಕ್ಷತ್ರಗಳಲ್ಲಿ ಹಾಕಿದೆ.

ಉದ್ಘಾಟನೆಯ ಹಿಂದಿನ ದಿನ ಸಾಹೇಬರು ನೋಡಲು ಬಂದರು. ಪರದೆ ಬಲು ನಿಧಾನ, ಒಂದೊಂದೇ ಕಣ್ಣೆದುರು ಮೂಡಬೇಕು. ಚಿಮಣಿ ಬಂತು, ಹೊಲ ಬಂತು, ಎತ್ತು ಬಂದವು. ಹೆಸರು ಬರುವ ಮೊದಲೇ ಅವರ ಮುಖ ಕಪ್ಪಿಟ್ಟಿತು.

“ಏ ಟೈಪಿಸ್ಟ್ ಬಾಯಿ, ನಿಂಗ ಅಕಲ್ ಅದ ಏನು? ಅಧ್ಯಕ್ಷರು ಎತ್ತಿನ ಹಿಂದ ಬರ್ತಾರೇನು? ಲಗ್ನಪತ್ರಿಕಾದಾಗ ಹಿರ್ಯಾರ ಹೆಸರು ಮೊದಲು ಇರ್ತದೋ, ಕಡೀಗೋ?”

“ಸಾಹೇಬ್ರ, ಇಲ್ಲಿ ಮೊದಲು ಹಾಕಿದ್ದು ಬುಡಕ ಹೋಗ್ತದ್ರಿ. ಹೆಸರಿನ ಮ್ಯಾಲ ಬಂಡಿ ಹಾಯ್ತದ. ಬೇಕಾದ್ರ ಮೊದಲೂ ಹಾಕ್ತೀನಿ, ಕಡೀಗೂ ಹಾಕ್ತೀನ್ರಿ.”

“ಎರಡೆರಡು ಸಲ ಯಾಕ? ಮೊದಲು ಅಂದ್ರ ಮೊದಲು. ಹೇಳಿದಷ್ಟು ಮಾಡು.”

ಮಾಡಿ ತೋರಿಸುತ್ತೇನೆ, ನಿಂತು ನೋಡಿ ಎಂದೆ. ಮಾಣಿಕನಗರದಲ್ಲಿ ಹೂಮಾಲೆಗೆ ಹೇಳಿ ಬರಬೇಕು ಎನ್ನುತ್ತ ಸಾಹೇಬರು ಹೊರಟೇಬಿಟ್ಟರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಂಗಾಮಿಯವಳು ಎದುರಾಡಿದರೆ ಏನಾಗುತ್ತದೆಂದು ಗೊತ್ತಿತ್ತು, ಹೇಳಿದಂತೆಯೇ ಮಾಡಿದೆ.

ಮರುದಿನ ಹುಡಗಿ, ಹಳ್ಳಿಖೇಡ ಊರುಗಳ ಕಡೆಯ ರೈತರೆಲ್ಲ ಸೇರಿದ್ದರು. ಅಧ್ಯಕ್ಷರು ಗುಂಡಿ ಒತ್ತಿದರು. ಮೊದಲು ಅವರ ಹೆಸರು ಮೂಡಿತು, ಚಪ್ಪಾಳೆ ಬಿತ್ತು. ಆಮೇಲೆ ಚಿಮಣಿ ಬಂದು ಹೆಸರಿನ ನಡುವಿನ ಅಕ್ಷರಗಳನ್ನು ನುಂಗಿತು. ಉಳಿದವುಗಳ ಮೇಲೆ ಕಬ್ಬು ಬೆಳೆಯಿತು. ಕಡೆಗೆ ಜೋಡಿ ಎತ್ತು ಬಂದು ಇದ್ದಬದ್ದದ್ದನ್ನೂ ತುಳಿದು ನಿಂತವು.

“ಅಧ್ಯಕ್ಷರು ಎಲ್ಲಿ ಹೋದ್ರೋ ತಮ್ಮಾ, ಬಂಡಿ ಬುಡಕ ಸಿಕ್ಕರೇನು?” ಎಂದು ಹಿಂದೆ ಕೂತ ಮುದುಕರೊಬ್ಬರು ಕೇಳಿದರು. ಸೇರಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಧ್ಯಕ್ಷರು ನಗಲಿಲ್ಲ. ಇದನ್ನು ಮಾಡಿದ್ದು ಯಾರು ಎಂದರು.

“ಈಕೀನೇ ಮಾಡ್ಯಾಳ್ರಿ” ಎಂದು ಸಾಹೇಬರು ನನ್ನತ್ತ ಬೆರಳು ತೋರಿಸಿದರು. “ನಾ ಬ್ಯಾಡಂದ್ರೂ ಕೇಳಲಿಲ್ಲ.”

ಅದೇನು ಬಾಯೋ, ಬಚ್ಚಲೋ. ಮಾಡಿದ್ದು ಅವರು, ಉಣ್ಣಬೇಕಾದವಳು ನಾನು. “ನೀವೇ ಹೇಳೀರಲ್ರಿ ಸಾಹೇಬ್ರ, ಮೊದಲು ಅಂದ್ರ ಮೊದಲು ಅಂತ” ಎಂದೆ. ಉತ್ತರಕ್ಕೆ ಕಾಯದೆ ಅಲ್ಲೇ ಕೂತು ಹೆಸರನ್ನು ಕಡೆಗೆ ಹಾಕಿದೆ. ಈ ಸಲ ಎತ್ತು, ಬಂಡಿ, ಕಬ್ಬು ಎಲ್ಲದರ ಮೇಲೆ ಅಧ್ಯಕ್ಷರ ಹೆಸರು ನಿಂತಿತು, ನಕ್ಷತ್ರಗಳ ಸಂದಿಯಲ್ಲಿ ಕಬ್ಬೂ ಕಂಡಿತು. ಅಧ್ಯಕ್ಷರ ಮುಖ ಅರಳಿತು. “ಶಾಬಾಸ್” ಎಂದು ಬೆನ್ನು ತಟ್ಟಿದರು. ತಟ್ಟಿದ್ದು ಸಾಹೇಬರ ಬೆನ್ನನ್ನು.

ಮುಂದಿನ ವಾರ ಆ ಕುರ್ಚಿಯಲ್ಲಿ ಸಾಹೇಬರ ಹೆಂಡತಿಯ ತಮ್ಮ ಕೂತಿದ್ದ. ಯಂತ್ರ ಚಾಲೂ ಮಾಡಲೂ ಅವನಿಗೆ ಬರುತ್ತಿರಲಿಲ್ಲ. ಸಾಹೇಬರು ನನ್ನನ್ನು ಕರೆದರು.

“ನಾಳಿ ಲಗ್ನಾಗಿ ಹೋಗಾಕಿ, ನಿಂಗ್ಯಾಕ ಕುರ್ಚಿ? ಬಾಜೂಕ ನಿಂತು ಅವಂಗ ಜರಾ ಕಲಿಸು.”

“ಕಲಿಸ್ತೀನ್ರಿ. ಆದ್ರ ನಿಂತು ಅಲ್ಲ. ಅವರು ಎದ್ದು ನಿಲ್ಲಲಿ, ನಾ ಕೂತು ಕಲಿಸ್ತೀನಿ.”

ಸಾಹೇಬರು ಅವನನ್ನು ಎಬ್ಬಿಸಲಿಲ್ಲ, ನಾನು ಕಲಿಸಲೂ ಇಲ್ಲ. ಕೆಲವು ದಿನ ಗುಂಡಿ ಕುಟ್ಟಿ ಕುಟ್ಟಿ ಬೇಸತ್ತು ಅವನೇ ಬಿಟ್ಟುಹೋದ. ಆಗಲಾದರೂ ಕರೆಯುತ್ತಾರೆಂದು ಕಾದೆ. ಸಾಹೇಬರು ಯಂತ್ರಕ್ಕೊಂದು ಚಾದರ ಹೊದಿಸಿ, ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ಜೇಬಿಗಿಳಿಸಿದರು. ನನಗೆ ಕೊಡುವುದಕ್ಕಿಂತ ಅದು ಕೆಟ್ಟು ಹೋಗುವುದೇ ಅವರಿಗೆ ಮೇಲೆನಿಸಿತು. ಆ ಬಾಗಿಲಿನ ಹೊರಗೆ ಕೂತು ನಾನು ಟೈಪ್ ಮಾಡುತ್ತ ಹೋದೆ, ಹಂಗಾಮಿಯಾಗಿಯೇ.