ಖಾಲಿ ಪಾತ್ರೆ ಕೊಡದ ವಿಶಾಲಾಕ್ಷಿ

ಐವತ್ತು ದಾಟಿದ ಮೇಲೆ ವಿಶಾಲಾಕ್ಷಿಗೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿದಾಗ, ಲಂಡನ್ನಿನ ಹ್ಯಾರೋ ಬಡಾವಣೆಯ ಗೆಳತಿಯರು ಅದು ಚಳಿಗಾಲ ಮುಗಿಯುವಷ್ಟರಲ್ಲಿ ಇಳಿಯುವ ಜ್ವರ ಎಂದುಕೊಂಡರು. ಇಳಿಯಲಿಲ್ಲ. ವಿಷಯವಾದರೂ ಎಂಥದ್ದು? ಕಲ್ಕತ್ತೆಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಯಹೂದಿ ಹೆಂಗಸರ ಅಡುಗೆಮನೆ.

"ನಮ್ಮ ಮಡಿ ಮೈಲಿಗೆ ಸಾಲದೂಂತ ಅವರದ್ದೂ ಹೊತ್ಕೊಂಡ್ಯಾ?" ಎಂದು ಗಂಡ ಭಾರ್ಗವ ಕೆಣಕಿದ.

"ನಿಮ್ಮ ಕಂಪ್ಯೂಟರಿಗಿಂತ ವಾಸಿ. ಅವರು ಮಾತಾದ್ರೂ ಆಡ್ತಾರೆ."

ಹಗಲು ಕೌನ್ಸಿಲ್ ಲೈಬ್ರರಿಯ ಕೆಲಸ, ಉಳಿದ ಹೊತ್ತಿನಲ್ಲಿ ಓದು. ಹೀಗಾದರೆ ಪ್ರಬಂಧ ಮುಗಿಯುವುದಿಲ್ಲವೆಂದು, ಯಹೂದಿ ಅಧ್ಯಯನದ ಸಂಶೋಧಕರಿಗೆ ಕೊಡುವ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಿದಳು. ಸಿಕ್ಕರೆ ಎರಡು ವರ್ಷ ಲೈಬ್ರರಿಗೆ ರಜೆ. ಸಿಗದಿದ್ದರೆ ಪ್ರಬಂಧಕ್ಕೇ ರಜೆ. ಸಂದರ್ಶನಕ್ಕೆ ಕರೆ ಬಂತು. ಕರೆಯ ಪತ್ರದಲ್ಲಿ ಸಮಿತಿ ಕೇಳಿದ್ದು ಮುಖ್ಯವಾಗಿ ಒಂದು ಭರವಸೆ: ಪ್ರಬಂಧಕ್ಕೆ ಜೀವಾಳವಾದ ಹೆಂಗಸು ಮುಂದೆಯೂ ಇವಳನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾಳೆಯೆ?

ಆ ಹೆಂಗಸು ಗೋಲ್ಡರ್ಸ್ ಗ್ರೀನ್‌ನಲ್ಲಿ ಒಬ್ಬಳೇ ಇರುವ ಮುದುಕಿ ರೆಜೀನಾ. ಅವಳ ಅಡುಗೆಮನೆಯಲ್ಲಿ ಯಹೂದಿ ನೇಮದಂತೆ ಮಾಂಸದ ಪಾತ್ರೆಗಳು ಒಂದು ಕಡೆ, ಹಾಲಿನವು ಇನ್ನೊಂದು ಕಡೆ, ಒಂದಕ್ಕೊಂದು ಬೆರೆಯುವಂತಿಲ್ಲ. ಹೊರಗಿನ ಅಡುಗೆಯಂತೂ ಹೊಸ್ತಿಲು ದಾಟುವಂತಿಲ್ಲ. ವಿಶಾಲಾಕ್ಷಿ ಇದರ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಳು.

ಸಂದರ್ಶನದ ಹಿಂದಿನ ವಾರ ರೆಜೀನಾ ನೀಲಿ ಪಿಂಗಾಣಿ ಬಟ್ಟಲಿನಲ್ಲಿ ಖರ್ಜೂರದ ಸಿಹಿ ಕೊಟ್ಟು ಕಳಿಸಿದಳು. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ವಿಶಾಲಾಕ್ಷಿಯ ತವರಿನಲ್ಲಿ ಇಲ್ಲದ ಮಾತು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ತಲೆ ಸಂದರ್ಶನದ ಉತ್ತರಗಳನ್ನು ಉರುಹೊಡೆಯುತ್ತಿತ್ತು. ಕೈ ತನ್ನ ಪಾಡಿಗೆ ತುಪ್ಪ ಸುರಿದು ಕೇಸರಿಬಾತ್ ಕೆದಕಿ, ಬಿಸಿಬಿಸಿಯಾಗಿ ಬಟ್ಟಲಿಗೆ ತುಂಬಿತು.

ರೆಜೀನಾ ಬಾಗಿಲಲ್ಲೇ ಫಾಯಿಲ್ ಸರಿಸಿ ಮೂಸಿ ನೋಡಿದಳು.

"ತುಪ್ಪವಾ?"

"ಹೌದು ಆಂಟಿ, ಮನೇಲೇ ಕಾಸಿದ್ದು," ಎಂದ ಮೇಲೆ ವಿಶಾಲಾಕ್ಷಿಗೆ ಹೊಳೆಯಿತು. ತುಪ್ಪ ಹಾಲಿನದು, ಬಟ್ಟಲು ಮಾಂಸದ ಕಡೆಯದು. ಲೋಹವಾಗಿದ್ದರೆ ಕುದಿಯುವ ನೀರಿನಲ್ಲಿ ಅದ್ದಿ ಶುದ್ಧಮಾಡಬಹುದಿತ್ತು, ಪಿಂಗಾಣಿಗೆ ಪರಿಹಾರವಿಲ್ಲ. ಅದನ್ನೂ ಅವಳು ಬರೆದಿದ್ದಳು, ಅಡಿಟಿಪ್ಪಣಿ ಸಮೇತ.

"ನಮ್ಮತ್ತೆ ಕಲ್ಕತ್ತೆಯಿಂದ ತಂದಿದ್ದು," ಎಂದಷ್ಟೇ ಹೇಳಿ, ರೆಜೀನಾ ಬಟ್ಟಲನ್ನು ಅವಳ ಕೈಗೇ ಕೊಟ್ಟು ಬಾಗಿಲು ಹಾಕಿಕೊಂಡಳು.

ಮಗಳು ಸ್ಮೃತಿ ಅದೇ ಕೇಸರಿಬಾತ್ ತಿನ್ನುತ್ತಾ ಉಪಾಯ ಹೇಳಿದಳು: "ಅಮ್ಮಾ, ಇಂಟರ್‌ವ್ಯೂನಲ್ಲಿ ಜಸ್ಟ್ ಡೋಂಟ್ ಟೆಲ್ ದೆಮ್."

"ಸುಳ್ಳು ಹೇಳಿ ಡಾಕ್ಟರ್ ಅನ್ನಿಸ್ಕೊಳ್ಳೋದಾದ್ರೆ ಲೈಬ್ರರೀಲೇ ಇರ್ತೀನಿ ಬಿಡು."

ಮರುದಿನ ವಿಶಾಲಾಕ್ಷಿ ಹುಟ್ಟಿದಮೇಲೆ ಮೊದಲ ಸಲ ಬರಿಗೈಯಲ್ಲಿ ಹಿರಿಯರೊಬ್ಬರ ಮನೆಗೆ ಹೋದಳು.

"ಇವತ್ತೇನು ತಂದೆ?"

"ಏನೂ ಇಲ್ಲ ಆಂಟಿ. ತಪ್ಪಾಯ್ತು."

"ಸದ್ಯ! ಒಳಗೆ ಬಾ." ರೆಜೀನಾ ಕುರ್ಚಿ ಎಳೆದುಕೊಂಡಳು. "ಅತ್ತೆ ಇದ್ದಿದ್ರೆ ನಿನ್ನನ್ನ ಬೀದಿಗೆ ಅಟ್ಟುತ್ತಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ನೆನಪಾಯ್ತು, ಕಲ್ಕತ್ತೆಯಲ್ಲಿ ನಮ್ಮ ಎದುರುಮನೆ ಬಂಗಾಳಿ ಹೆಂಗಸೂ ಪಾತ್ರೆ ಖಾಲಿ ಕೊಡ್ತಿರಲಿಲ್ಲ. ಅವಳಿಗೇಂತ ಅತ್ತೆ ಬೇರೆ ತಟ್ಟೆಗಳನ್ನ ಇಟ್ಟಿದ್ರು. ನಿನಗೂ ಅಂಥದ್ದರಲ್ಲೇ ಕೊಡಬೇಕಿತ್ತು ನಾನು."

ವಿಶಾಲಾಕ್ಷಿಯ ಕಣ್ಣು ಅರಳಿತು. "ಬೇರೆ ತಟ್ಟೆಗಳಾ? ಎಲ್ಲಿಡ್ತಿದ್ರು? ಯಾರು ತೊಳೀತಿದ್ರು?"

"ನೋಡು ಇವಳನ್ನ! ಕ್ಷಮೆ ಕೇಳೋಕೆ ಬಂದ್ಯೋ, ವಿಚಾರಣೆ ಮಾಡೋಕೋ?"

"ಎರಡಕ್ಕೂ, ಆಂಟಿ."

ಮುದುಕಿ ಬಹಳ ಹೊತ್ತು ನಕ್ಕಳು. ಬಟ್ಟಲಿನ ದುಃಖ ಅವಳಿಗೆ ಹೋಗಿರಲಿಲ್ಲ. ಹೋಯಿತೆಂದು ನಟಿಸಲೂ ಇಲ್ಲ. "ಗುರುವಾರ ಬಾ, ಈರುಳ್ಳಿ ಹೆಚ್ಚಿಕೊಡು. ಬರೀ ನೋಡ್ತಾ ಕೂತವರಿಗೆ ಅಡುಗೆಮನೆ ಅರ್ಥವಾಗಲ್ಲ."

ಸಂದರ್ಶನದಲ್ಲಿ ವಿಶಾಲಾಕ್ಷಿ ಕೇಸರಿಬಾತಿನಿಂದ ಹಿಡಿದು ಬೇರೆ ತಟ್ಟೆಗಳು, ಗುರುವಾರದ ಈರುಳ್ಳಿಯವರೆಗೆ ಎಲ್ಲವನ್ನೂ ಹೇಳಿದಳು. ಇಂಥ ತಟ್ಟೆಗಳ ವಿಷಯ ಸಮಿತಿಯವರು ಯಾರೂ ಕೇಳಿರಲಿಲ್ಲ. ಬಟ್ಟಲಿನ ಮಾತು ಬಂದಾಗ ಇಬ್ಬರು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು. ಫೆಲೋಶಿಪ್ ಸಿಕ್ಕಿತು.

"ಹಾಗಾದ್ರೆ ಎರಡು ವರ್ಷ ಮನೇಲೇ ಇರ್ತೀಯಾ?" ಎಂದ ಭಾರ್ಗವ, ಖುಷಿಯಾಗಿ.

"ಗುರುವಾರ ಬಿಟ್ಟು. ಗುರುವಾರ ಈರುಳ್ಳಿ ಹೆಚ್ಚೋಕೆ ಹೋಗಬೇಕು."

"ನಮ್ಮನೇಲಿ ಈರುಳ್ಳಿ ನಾನೇ ಹೆಚ್ಚೋದಲ್ಲವೇನೇ?"

"ಇಲ್ಲಿ ಫೆಲೋಶಿಪ್ ಯಾರು ಕೊಡ್ತಾರೆ?"