ಸುಣ್ಣ ಹತ್ತಿದ ಅಂಗೈ

ಡಯಾಲಿಸಿಸ್ ಮಂಚದ ಮೇಲೆ ಮಲಗಿ ಅಣ್ಣ ಮೊಬೈಲಿನಲ್ಲಿ ಐಸ್‌-ಹಾಕಿ ಪಂದ್ಯ ನೋಡುತ್ತಿದ್ದ. ಅದು ಹೇಗೆ ಶುರುವಾಯಿತೋ ನೆನಪಿಲ್ಲ; ನಾನೇ ಹಾಕಿಕೊಟ್ಟೆನೆಂದು ಅತ್ತಿಗೆ ಹೇಳುತ್ತಾರೆ. ಅವರಿಬ್ಬರೂ ಮಾನ್ವಿಯಿಂದ ಬಸ್ಸಿಗೆ ರಾಯಚೂರಿಗೆ ಬರುತ್ತಿದ್ದರು. ನಾನು ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ಆಸ್ಪತ್ರೆಗೆ ಹೋಗುತ್ತಿದ್ದೆ. ಹೊರಗೆ ಏಪ್ರಿಲ್ಲಿನ ಬಿಸಿಲು. ಒಳಗೆ ನೀರನ್ನು ಅಳೆದು ಕುಡಿಯಬೇಕಾದ ಮನುಷ್ಯ. ಬಾಯಿ ಒಣಗಿದಾಗ ನರ್ಸ್ ಒಂದು ಚೂರು ಐಸ್ ಕೊಡುತ್ತಿದ್ದರು. ಅದನ್ನು ನಾಲಿಗೆಯ ಮೇಲಿಟ್ಟುಕೊಂಡು, ಇಡೀ ಅಂಗಳವೇ ಐಸಾಗಿರುವ ಆ ಆಟವನ್ನು ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಯಾವ ದೇಶದ ಲೀಗಿನವರು ಹೆಚ್ಚು ಎಂಬುದು ಅವನಿಗೆ ಬೇಕಿತ್ತು. ಸ್ವೀಡನ್ನಿನಲ್ಲಿ ಗೋಲಿನ ಮೇಲೆ ಗೋಲು ಹೊಡೆದವನು ಅಮೆರಿಕಕ್ಕೆ ಹೋದ ಮೇಲೆ ಯಾಕೆ ಮಂಕಾಗುತ್ತಾನೆ? ನಾನು ಸಂಖ್ಯಾಶಾಸ್ತ್ರ ಓದಿದವನು. ಎರಡು ಲೀಗಿನ ಗೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಬಾರದು, ಒಂದು ಕಡೆ ಎದುರಾಳಿಗಳೇ ಮೆತ್ತಗಿರಬಹುದು ಎಂದೆ. ಎರಡೂ ಕಡೆ ಆಡಿದವರನ್ನು ಹಿಡಿಯಬೇಕು. ಅಲ್ಲಿ ಹೊಡೆದದ್ದರಲ್ಲಿ ಇಲ್ಲಿ ಎಷ್ಟು ಉಳಿಯಿತು ಎಂಬುದೇ ಅಳತೆ. ಅದೂ ಪೂರ್ತಿ ನಂಬುವಂಥದ್ದಲ್ಲ. ಯುರೋಪಿನ ಅಂಗಳಗಳು ಹೆಚ್ಚಾಗಿ ಅಗಲ, ಯೋಚಿಸಲು ಹೊತ್ತು ಸಿಗುತ್ತದೆ. ಅಮೆರಿಕದ್ದು ಇಕ್ಕಟ್ಟು, ತಿರುಗುವಷ್ಟರಲ್ಲಿ ಯಾರೋ ಬಂದು ಅಪ್ಪಳಿಸಿರುತ್ತಾರೆ.

ಅಣ್ಣ ಆಟ ನಿಲ್ಲಿಸಿದ. "ಹಂಗಾದ್ರ ನನ್ನ ಲೆಕ್ಕಾ ಹೇಳು ಲೇ ತಮ್ಮಾ. ನಾನೂ ಎರಡೂ ಕಡಿ ಆಡೀನಿ."

ಕಬಡ್ಡಿಯ ಮಾತು. ದೇವದುರ್ಗದ ಸುತ್ತಿನ ಪಂದ್ಯಗಳಲ್ಲಿ ಅವನನ್ನು ಹಿಡಿದು ನಿಲ್ಲಿಸುವವರು ಇರಲಿಲ್ಲ. ಅಲ್ಲಿ ಮಣ್ಣಿನ ಅಂಕಣ, ಸುಣ್ಣದ ಪುಡಿಯ ಗೆರೆ. ಎದುರಿನವರೆಲ್ಲ ಮೈಮೇಲೆ ಬಿದ್ದರೂ ತೆವಳಿ ನಡುಗೆರೆಗೆ ಕೈ ಚಾಚುತ್ತಿದ್ದ. ಮುಟ್ಟಿಲ್ಲವೆಂದು ತಕರಾರು ಬಂದರೆ ಮಾತಾಡದೆ ಅಂಗೈ ಎತ್ತಿ ಅಂಪೈರಿಗೆ ತೋರಿಸುತ್ತಿದ್ದ. ಸುಣ್ಣ ಹತ್ತಿದ್ದರೆ ಮುಗಿಯಿತು.

ಜಿಲ್ಲಾ ತಂಡದ ಆಯ್ಕೆಗೆ ರಾಯಚೂರಿನಲ್ಲಿ ಆಡಿಸಿದ್ದು ಮ್ಯಾಟ್ ಮೇಲೆ. ಕೊನೆಯ ರೈಡಿನಲ್ಲಿ ಅವನನ್ನು ಗೆರೆಯ ಹತ್ತಿರ ಕೆಡವಿದರು, ಔಟ್ ಎಂದರು. ಅವನು ರೂಢಿಯಂತೆ ಅಂಗೈ ಎತ್ತಿದ. ಮ್ಯಾಟಿನ ಗೆರೆ ಕೈಗೆ ಹತ್ತುವುದಿಲ್ಲ. ಆ ಖಾಲಿ ಅಂಗೈ ನೋಡಿ ಜನ ನಕ್ಕರು. ಅವನ ಆಯ್ಕೆಯಾಗಲಿಲ್ಲ, ಆಮೇಲೆ ಅವನು ಆಡಲೂ ಇಲ್ಲ. ನಾನು ನಡುಗೆರೆಯ ಪಕ್ಕದಲ್ಲೇ ಕೂತಿದ್ದೆ.

"ಮುಟ್ಟಿತ್ತೋ ಇಲ್ಲೋ, ಅಷ್ಟ ಹೇಳು. ನಾ ಬರೇ ಹಳ್ಳಿ ಆಟಗಾರನೋ, ಇಲ್ಲೂ ನಿಲ್ಲತಿದ್ನೋ, ತಿಳಕೊಂಡು ಹೋಗ್ತೀನಿ."

ಹೋಗ್ತೀನಿ ಎಂದದ್ದಕ್ಕೆ ಅತ್ತಿಗೆ ಮುಖ ತಿರುಗಿಸಿದರು.

ನೆನಪಿಸಿಕೊಳ್ಳಲು ನೋಡಿದೆ. ಒಮ್ಮೆ ಗೆರೆಗೂ ಬೆರಳಿಗೂ ನಡುವೆ ಸಂದು ಕಂಡಿತು, ಇನ್ನೊಮ್ಮೆ ಉಗುರು ಗೆರೆಯ ಮೇಲಿತ್ತು. ಮುಟ್ಟಿತ್ತೆಂದು ಮನೆಯಲ್ಲಿ ಅವನು ಹೇಳಿದ್ದನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿರಬಹುದು.

"ಖಾತ್ರಿ ಇಲ್ಲಣ್ಣ," ಎಂದೆ. "ಮತ್ತ ಒಂದು ರೈಡಿನಾಗ ಯಾರನ್ನೂ ಅಳಿಯಾಕ ಬರಂಗಿಲ್ಲ."

"ಇಷ್ಟು ಓದಿದ್ರೂ ಒಂದು ಸೀಟಿ ಊದಾಕ ಬರಲಿಲ್ಲ ನಿನಗ," ಎಂದು ನಕ್ಕ. ಮತ್ತೆ ಆಟ ಹಚ್ಚಿದ. ಆಮೇಲೆ ಯಾವ ಲೀಗಿನ ವಿಷಯವನ್ನೂ ಅವನು ನನ್ನನ್ನು ಕೇಳಲಿಲ್ಲ.

ಮಳೆ ಬೀಳುವ ಮೊದಲೇ ಹೋದ. ಹುಟ್ಟೂರು ಮಸರಕಲ್ಲಿನ ನಮ್ಮ ಹೊಲದಲ್ಲಿ ಹೂಳುವುದೆಂದಾಯಿತು. ನಮ್ಮಲ್ಲಿ ಕುಳ್ಳಿರಿಸಿ, ಮೈಗೆ ವಿಭೂತಿ ಹಚ್ಚುತ್ತಾರೆ. ಕೈಗಳು ನನ್ನ ಪಾಲಿಗೆ ಬಂದವು. ಮಡಚಿಕೊಂಡಿದ್ದ ಬೆರಳುಗಳನ್ನು ಬಿಡಿಸಿ ಅಂಗೈಗೂ ಬಳಿದೆ.

ಈಗ ರಾಯಚೂರಿನ ಆಯ್ಕೆಯ ಆ ಸಂಜೆ ನೆನಪಾದರೆ ಅಣ್ಣ ಎತ್ತಿದ ಅಂಗೈ ಬೆಳ್ಳಗಿರುತ್ತದೆ. ಯಾರೂ ನಗುವುದಿಲ್ಲ. ಅದು ಎಲ್ಲಿಂದ ಬಂದ ಬಿಳುಪೆಂದು ನನಗೆ ಗೊತ್ತು. ಮೊನ್ನೆ ಮಾನ್ವಿಯಲ್ಲಿ ಅತ್ತಿಗೆ, ಅವತ್ತು ನಿಜವಾಗಿಯೂ ಗೆರೆ ಮುಟ್ಟಿತ್ತೇ ಎಂದು ಕೇಳಿದರು. ಆ ಕೈ ಕಣ್ಣ ಮುಂದೆಯೇ ಇತ್ತು. ನೆನಪಿಲ್ಲ ಎಂದೆ.