ಎಲೆಗೆ ಇಳಿದ ಕಾಗೆ

ನಾನು ನಿಂತಿದ್ದದ್ದು ಬಚ್ಚಲುಕೊಟ್ಟಿಗೆಯ ಮೂಲೆಯಲ್ಲಿ, ಸೌದೆ ರಾಶಿಗೆ ಬೆನ್ನು ಕೊಟ್ಟು. ಮರ್ಕಂಜದಲ್ಲಿ ನನ್ನ ಸೋದರಮಾವನ ಮನೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಿಸೆಂಬರ್ ತಿಂಗಳು, ಮಾವನ ಉತ್ತರಕ್ರಿಯೆಯ ದಿನ, ನಡುಮಧ್ಯಾಹ್ನ. ಆ ಮೂಲೆಯಿಂದ ಎಡಕ್ಕೆ ನೋಡಿದರೆ ಅಂಗಳದ ಅಂಚಿನಲ್ಲಿ ಕಾಗೆಗೆಂದು ಇಟ್ಟ ಬಾಳೆಲೆ ಕಾಣುತ್ತಿತ್ತು, ಬಲಕ್ಕೆ ನೋಡಿದರೆ ಅಡಿಗೆಮನೆಯ ಹಿಂಬಾಗಿಲು. ಎರಡೂ ಕಾಣುವ ಜಾಗ ಅಲ್ಲಿ ಅದೊಂದೇ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಅಂಗಳದಲ್ಲಿದ್ದವರು ನೋಡಿದ್ದು ಎಲೆಯನ್ನು ಮಾತ್ರ.

ಹಿಂಬಾಗಿಲಿನ ಹೊರಗೆ ಮುರಕಲ್ಲಿನ ಒಂದು ಹಾಸು ಇತ್ತು. ಮಾವನ ಹೆಂಡತಿ, ನನ್ನ ಅತ್ತೆ, ದಿನವೂ ಅದರ ಮೇಲೆ ಹಕ್ಕಿಗಳಿಗೆ ಬಡಿಸುತ್ತಿದ್ದರು. ಬಡಿಸುವುದು ಎಂಬುದು ಅವರದೇ ಮಾತು. ಕುಚ್ಚಲಕ್ಕಿ ಅನ್ನವನ್ನು ಬಸಿದು, ಸೌಟಿಗೆ ಅಂಟಿದ ಅಗುಳು ಉದುರಲೆಂದು ಪಾತ್ರೆಯ ಅಂಚಿಗೆ ಬಡಿಯುತ್ತಿದ್ದರು. ಆ ಸದ್ದು ಕೇಳಿದರೆ ಸಾಕು, ಬೇಲಿಯ ಕಡೆಯಿಂದ ಹರಟೆಮಲ್ಲ ಹಕ್ಕಿಗಳು ತಮ್ಮೊಳಗೇ ಜಗಳವಾಡುತ್ತ ಗುಂಪಾಗಿ ಬರುತ್ತಿದ್ದವು. ಮಡಿವಾಳ ಹಕ್ಕಿ ಒಂಟಿಯಾಗಿ ಬಂದು, ಬಾಲ ನಿಗುರಿಸಿ, ಕರೆಯದ ನೆಂಟನ ಹಾಗೆ ದೂರ ಕೂರುತ್ತಿತ್ತು. ಕೆಂಬೂತ ಕೆಸುವಿನ ಮರೆಯಲ್ಲೇ ನಡೆದು ಬರುವುದು, ಯಾರಾದರೂ ಕೆಮ್ಮಿದರೆ ಹಿಂದಿರುಗುವುದು. ಕಾಗೆಗಳು ಕೂರುವುದು ಮನೆಯ ಮುಂದಿನ ಹಲಸಿನ ಮರದಲ್ಲಿ. ಸೌಟಿನ ಸದ್ದಾದರೆ ಅಂಗಳ ದಾಟಿ, ಮನೆಯ ಹೆಂಚಿನ ಮಾಡಿನ ಮೇಲಿಂದ ಹಾರಿ ಹಿಂದಕ್ಕೆ ಇಳಿಯುತ್ತಿದ್ದವು. ಅವುಗಳಲ್ಲಿ ಒಂದರ ಬೆರಳು ಸೊಟ್ಟ. ಅದಕ್ಕೆ ಸಿಗಲಿಲ್ಲವೆಂದು ಅತ್ತೆ ಉಳಿದವನ್ನು ಗದರಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರಿಗೆ ಮಕ್ಕಳಿರಲಿಲ್ಲ. ಮಾವ ಒಳಗಿಂದ, "ನಿನ್ನ ಸಂಸಾರ ಬಂತು ಮಾರಾಯ್ತಿ, ಅದಕ್ಕೆ ಹಾಕಿ ಉಳಿದರೆ ನನಗೂ ಒಂದು ಮುಷ್ಟಿ ಇರಲಿ" ಎನ್ನುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಒಳಕೋಣೆಯಿಂದ ಹೊರಗೆ ಬಿಡಲಿಲ್ಲ. ಅಡಿಗೆ ಮಾವನ ತಮ್ಮನ ಹೆಂಡತಿಯ ಕೈಗೆ ಹೋಯಿತು. ನಾವು ಅವರನ್ನು ಸಣ್ಣತ್ತೆ ಎನ್ನುತ್ತಿದ್ದೆವು, ಮಾವನ ತಮ್ಮನನ್ನು ಸಣ್ಣಮಾವ ಎಂದು. ಸೂತಕದ ಆ ದಿನಗಳಲ್ಲಿ ಹಾಸುಗಲ್ಲಿನ ಮೇಲೆ ಯಾರೂ ಅನ್ನ ಹಾಕಲಿಲ್ಲ.

ಕ್ರಿಯೆಯ ಹಿಂದಿನ ಸಂಜೆ, ನಾನು ಶಾಲೆ ಮೇಷ್ಟ್ರಾಗಿದ್ದ ಪುತ್ತೂರಿನಿಂದ ಬಂದಾಗ ಅತ್ತೆ ನನ್ನನ್ನು ಕೋಣೆಯ ಬಾಗಿಲಿಗೆ ಕರೆಸಿದರು. ಅವರನ್ನು ಕಡಬದ ಕಡೆಯ ತವರಿಗೆ, ತಮ್ಮನ ಮನೆಗೆ ಕಳಿಸುವ ಮಾತು ನಡೆದಿದೆಯಂತೆ. ಒಂಟಿ ಹೆಂಗಸು ಇಲ್ಲಿದ್ದು ಮಾಡುವುದೇನು ಎಂದು ಸಣ್ಣಮಾವ ಹೇಳುತ್ತಿದ್ದಾರಂತೆ. ಅತ್ತೆ ಅಳಲಿಲ್ಲ. "ನಾನು ಹೋಗುದಿಲ್ಲ. ಇದು ನಾನು ಬೆಂಕಿ ಹಾಕಿದ ಒಲೆ. ನೀನು ದೊಡ್ಡಜ್ಜನಿಗೆ ಒಂದು ಮಾತು ಹೇಳು" ಎಂದರು. ದೊಡ್ಡಜ್ಜ ಎಂದರೆ ಮಾವನ ದೊಡ್ಡಪ್ಪ. ಮನೆತನದಲ್ಲಿ ಅವರ ಮಾತೇ ಕೊನೆ. ನಾನು ಹೇಳಿದೆ. ಕ್ರಿಯೆ ಮುಗಿಯಲಿ, ನೋಡುವ ಎಂದರು.

ಮರುದಿನ ಎಲೆ ಇಟ್ಟರು. ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಮುಟ್ಟದಿದ್ದರೆ ತೀರಿಕೊಂಡವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಕೈಮುಗಿದು ಒಂದೊಂದೇ ಮಾತು ಕೊಡುತ್ತಾರೆ. ಯಾವ ಮಾತಿಗೆ ಕಾಗೆ ಇಳಿಯಿತೋ ಅದು ಅವರ ಆಸೆ. ನಡೆಸದೆ ಬಿಡುವ ಹಾಗಿಲ್ಲ.

ಕಾಗೆಗಳು ಹಲಸಿನ ಮರದಲ್ಲೇ ಇದ್ದವು. ಜನ ಕೈತಟ್ಟಿ ಕರೆದಷ್ಟೂ ಮೇಲಿನ ಕೊಂಬೆಗೆ ಸರಿದವು. ಸುಬ್ರಹ್ಮಣ್ಯಕ್ಕೆ ಹೇಳಿಕೊಂಡ ಹರಕೆ ತೀರಿಸುತ್ತೇವೆ ಎಂದು ಸಣ್ಣಮಾವ ಹೇಳಿದರು. ಇಳಿಯಲಿಲ್ಲ. ಅರ್ಧಕ್ಕೆ ನಿಂತ ಬಾವಿಯ ಕಟ್ಟೆಯನ್ನು ಮುಗಿಸುತ್ತೇವೆ ಎಂದರು. ಇಳಿಯಲಿಲ್ಲ. ಹಸಿದ ನೆಂಟರೊಬ್ಬರು, ಅಣ್ಣನನ್ನು ಬದುಕಿದ್ದಾಗಲೂ ಊಟಕ್ಕೆ ಎಬ್ಬಿಸುವುದು ಇಷ್ಟೇ ಕಷ್ಟವಿತ್ತು ಎಂದು ಗೊಣಗಿದರು. ನಗು ಬಂದವರು ನೆಲ ನೋಡಿದರು.

ಆಮೇಲೆ ಸಣ್ಣಮಾವ, "ಅತ್ತಿಗೆಯನ್ನು ತವರಿನಲ್ಲಿ ಬಿಡುತ್ತೇವೆ ಅಣ್ಣ. ಅಲ್ಲಿ ಅವರ ಜನ ಉಂಟು" ಎಂದರು.

ಅದೇ ಹೊತ್ತಿಗೆ ಬಲಗಡೆ ಹಿಂಬಾಗಿಲು ತೆರೆಯಿತು. ಸಣ್ಣತ್ತೆ ಅನ್ನದ ಪಾತ್ರೆಯನ್ನು ಹೊರಗೆ ತಂದು ಗಂಜಿ ಬಸಿದರು. ಸೌಟನ್ನು ಅಂಚಿಗೆ ಬಡಿದರು. ನಾನು ಎಡಕ್ಕೆ ತಿರುಗುವಷ್ಟರಲ್ಲಿ ಕಾಗೆಗಳು ಮರ ಬಿಟ್ಟಾಗಿತ್ತು. ಒಂದನ್ನುಳಿದು ಎಲ್ಲವೂ ಅಂಗಳ ದಾಟಿ, ಮಾಡಿನ ಮೇಲಿಂದ ಹಿತ್ತಲಿಗೆ ಹೋದವು. ಆ ಒಂದು ನಡುದಾರಿಯಲ್ಲಿ ಎಲೆ ಕಂಡು ಇಳಿಯಿತು. ಸೊಟ್ಟ ಬೆರಳಿನದ್ದು.

ಸಣ್ಣಮಾವ ಮೋಸ ಮಾಡಿದರೆಂದು ನಾನು ಹೇಳಲಾರೆ. ಅವರ ಮುಖ ಮರದ ಕಡೆಗಿತ್ತು, ಹಿಂಬಾಗಿಲು ಅವರಿಗೆ ಕಾಣುವಂತಿರಲಿಲ್ಲ. ಕಾಗೆ ಇಳಿದಾಗ ಅವರು ಅತ್ತರು. ಆ ಅಳು ಸುಳ್ಳಲ್ಲ.

ಊಟಕ್ಕೆ ಮೊದಲೇ ನಾನು ದೊಡ್ಡಜ್ಜನ ಬಳಿ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಸಣ್ಣಮಾವನಿಗೆ ಸಿಟ್ಟು ಬಂತು. ಶಾಲೆಯಲ್ಲಿ ಈಗ ಮಕ್ಕಳನ್ನು ಬಿಟ್ಟು ಕಾಗೆಗಳಿಗೆ ಪಾಠ ಮಾಡುವುದೋ ಎಂದು ಕೇಳಿದರು. ಸಣ್ಣತ್ತೆಯನ್ನು ಕರೆದು ಕೇಳಿ ಎಂದೆ. ಅವರು ಬಾಗಿಲ ಸಂದಿಯಲ್ಲೇ ನಿಂತಿದ್ದರು. ಗಂಡನ ಮುಖ ನೋಡಿ ಒಳಗೆ ಹೋದರು.

ದೊಡ್ಡಜ್ಜ ನನ್ನ ಕಡೆ ತಿರುಗಿದರು. "ನೀನು ಹೇಳುದು ಇರಬಹುದು. ಆದರೆ ಕಾಗೆ ಯಾಕೆ ಬಂತು ಅಂತ ನಮ್ಮಲ್ಲಿ ಕೇಳುವ ಕ್ರಮ ಇಲ್ಲ. ಬಂತಾ, ಇಲ್ಲವಾ, ಅಷ್ಟೆ. ಸತ್ತವನಿಗೆ ಕೊಟ್ಟ ಮಾತು" ಎಂದರು.

ಒಳಕೋಣೆಗೆ ಸುದ್ದಿ ಹೋಗಿತ್ತು. ಯಾವ ಕಾಗೆ ಎಂದು ಅತ್ತೆ ನನ್ನನ್ನು ಕೇಳಿದರು. ಹೇಳಿದೆ.

"ಅದಕ್ಕೆ ಹಸಿವು ಮಾರಾಯ" ಎಂದರು. "ಇಷ್ಟು ದಿನ ಯಾರೂ ಹಾಕಲಿಲ್ಲವಲ್ಲ."

ಮತ್ತೆ ಅವರು ವಾದ ಮಾಡಲಿಲ್ಲ. ಕಾಗೆಯ ವಿಷಯ ಅವರಿಗೆ ಖಚಿತವಿತ್ತು. ಗಂಡನ ಮನಸ್ಸಿನಲ್ಲಿ ಏನಿತ್ತೆಂಬ ವಿಷಯದಲ್ಲಿ ಆ ಖಾತ್ರಿ ಉಳಿದಿರಲಿಲ್ಲವೋ ಏನೋ. ಅವರು ಹಾಗೆ ಹೇಳಲಿಲ್ಲ, ನನ್ನ ಊಹೆ ಮಾತ್ರ. ತಿಂಗಳ ಕ್ರಿಯೆ ಮುಗಿಸಿ ತಮ್ಮನ ಜೊತೆ ಹೊರಟರು.

ಮುಂದಿನ ಬೇಸಿಗೆ ರಜೆಯಲ್ಲಿ ನಾನು ಕಡಬದ ಆ ಮನೆಗೆ ಹೋದೆ. ತಮ್ಮ ಒಳ್ಳೆಯವನೇ, ಅತ್ತೆಗೆ ಊಟಕ್ಕೆ ಉಡಲಿಕ್ಕೆ ಕೊರತೆ ಇರಲಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ಹಿತ್ತಲಿನ ಪೇರಳೆ ಗಿಡಕ್ಕೆ ಪಿಕಳಾರಗಳು ಬಂದವು. ಕೆಳಗೆ ಹರಟೆಮಲ್ಲಗಳು ತರಗೆಲೆ ಕೆದಕುತ್ತಿದ್ದವು. ಅತ್ತೆ ನೋಡುತ್ತಿದ್ದರು. ಇವಕ್ಕೂ ಬಡಿಸುತ್ತೀರಾ ಎಂದು ಕೇಳಿದೆ.

ಅವರು ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು. "ಇಲ್ಲಿಯ ಅನ್ನ ನನ್ನದಲ್ಲವಲ್ಲ. ಕೇಳಿದರೆ ಬೇಡ ಅನ್ನಲಿಕ್ಕಿಲ್ಲ. ಕೇಳುದು ಹೇಗೆ?"

ಅತ್ತೆ ಅದೇ ಮನೆಯಲ್ಲಿ ತೀರಿಕೊಂಡರು. ದೊಡ್ಡಜ್ಜ, ಸಣ್ಣಮಾವ ಈಗ ಇಲ್ಲ. ಅಂಗಳದಲ್ಲಿದ್ದವರಲ್ಲಿ ಬದುಕಿರುವ ಕೆಲವರು ಕಾಗೆ ಇಳಿದದ್ದಕ್ಕೆ ಸಾಕ್ಷಿ ಹೇಳುತ್ತಾರೆ, ಅದು ಸರಿಯೇ. ಹಿಂಬಾಗಿಲನ್ನು ಬಲ್ಲವರು ನನ್ನನ್ನು ಬಿಟ್ಟರೆ ಒಬ್ಬರೇ. ಸಣ್ಣತ್ತೆ, ನರಿಮೊಗರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಆ ಹೊತ್ತಿಗೆ ಸೌಟು ಬಡಿದದ್ದನ್ನು, ಕೇಳಿದವರಿಗೆ ಅವರು ಈಗ ಇಲ್ಲವೆನ್ನುವುದಿಲ್ಲ.